ಬ್ರೇಕಮ್ಮ ಮತ್ತು ಕಾಣದ ಗಂಟು

ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಶಿಷ್ಯರೇ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆ ಅವಳ ಡ್ರೈವಿಂಗ್ ಶಾಲೆ. ಕೆಳಗೆ ಗೋಡೆಗೆ ಒತ್ತಿ ನಿಲ್ಲಿಸಿದ ಹಳೆಯ ಬಿಳಿ ಕಾರಿಗೆ ಎರಡು ಕಡೆಯೂ ಬ್ರೇಕು, ಎರಡು ಕಡೆಯೂ ಕ್ಲಚ್ಚು. ಕಲಿಯುವವರ ಪಕ್ಕದಲ್ಲಿ ಕೂತು ಅವಳು ತನ್ನ ಕಡೆಯ ಬ್ರೇಕಿನ ಮೇಲೆ ಪಾದ ತೇಲಿಸಿಕೊಂಡಿರುತ್ತಿದ್ದಳು. ಯಾರಾದರೂ ಹೆದರಿ, ಕಣ್ಣು ಮುಚ್ಚಿ ಲಾರಿಯ ಬೆನ್ನಿಗೆ ನುಗ್ಗಿದರೆ ಮೊದಲು ಅವಳ ಕಾಲು ಕೆಲಸ ಮಾಡುತ್ತಿತ್ತು, ಆಮೇಲೆ ಬಾಯಿ. ಕಾಲು ಕಾರನ್ನು ನಿಲ್ಲಿಸುತ್ತಿತ್ತು. ಬಾಯನ್ನು ನಿಲ್ಲಿಸುವವರು ಯಾರೂ ಇರಲಿಲ್ಲ.

“ಸ್ಟೇರಿಂಗ್ ಹಿಡ್ಕೊಂಡಿದ್ದೀಯೋ, ಬೀಳ್ತಿರೋ ಗೋಡೆ ಹಿಡ್ಕೊಂಡಿದ್ದೀಯೋ? ಕೈ ಸಡಿಲ ಬಿಡು! ಕಾರು ನಿಮ್ಮತ್ತೆ ಅಲ್ಲ, ಅಷ್ಟೊಂದು ಹೆದರಬೇಡ!”

ಇಷ್ಟು ಬೈಸಿಕೊಂಡೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೇರೆ ಶಾಲೆಯವರು ಕೈಬಿಟ್ಟವರು, ಒಮ್ಮೆ ಅಪಘಾತ ಕಂಡು ರಸ್ತೆಗಿಳಿಯಲು ನಡುಗುವವರು, ಗಂಡನ ಗೇಲಿಗೆ ರೋಸಿ ಕಲಿಯಲೇಬೇಕೆಂದು ಹಟ ತೊಟ್ಟ ಹೆಂಗಸರು. ಅವಳ ಕೈಯಲ್ಲಿ ಕಲಿತವರಿಗೆ ರಸ್ತೆಯ ಯಾವ ಹಾರ್ನೂ ಆಮೇಲೆ ಜೋರೆನಿಸುತ್ತಿರಲಿಲ್ಲ.

ಗಂಡ ದರ್ಜಿ. ರಸ್ತೆಯ ಆಚೆ ಬದಿಯಲ್ಲಿ, ಒಂದೇ ಕಿಟಕಿಯ ಅಂಗಡಿಯಲ್ಲಿ ಕೂತು ಹೊಲಿಯುತ್ತಿದ್ದ. ಬಾಯಿ ತುಂಬ ಗುಂಡುಸೂಜಿ ಇರುವುದರಿಂದ ಅವನಿಗೆ ಮಾತು ಕಡಿಮೆಯೋ, ಮಾತು ಕಡಿಮೆ ಇರುವುದರಿಂದ ಗುಂಡುಸೂಜಿಗೆ ಬಾಯಲ್ಲಿ ಜಾಗವಾಯಿತೋ, ಹೇಳುವುದು ಕಷ್ಟ. ಅವಳು ಪಾಠಕ್ಕೆ ಹಾಕುವ ಕಾಲರಿನ ಅಂಗಿಗಳನ್ನೆಲ್ಲ ಅವನೇ ಹೊಲಿಯುತ್ತಿದ್ದ. ಒಂದು ವರ್ಷ ಹೊಸ ಅಂಗಿಗೆ ಅಳತೆ ತೆಗೆಯುವಾಗ ಟೇಪನ್ನು ಅವಳ ಕುತ್ತಿಗೆಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟ.

“ಕುತ್ತಿಗೆ ದಪ್ಪ ಆಗಿದೆ,” ಎಂದ.

“ವಯಸ್ಸಾಯ್ತು, ದಪ್ಪ ಆಗ್ತೀನಿ. ನಿನ್ನ ಟೇಪಿಗೇನು ಕಷ್ಟ?”

“ಒಂದೇ ಕಡೆ ದಪ್ಪ ಆಗಿದೆ.”

ಆ ಒಂದೇ ಕಡೆಯ ದಪ್ಪವೇ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗ್ರಂಥಿಯನ್ನು ಪೂರ್ತಿ ತೆಗೆದರು. ಅಳಿದುಳಿದ ಜೀವಕೋಶಗಳನ್ನು ಸುಡಲು ವಿಕಿರಣದ ಅಯೋಡಿನ್ ಕುಡಿಸಿ, ಒಂದು ಕೋಣೆಯಲ್ಲಿ ಒಂಟಿಯಾಗಿ ಇರಿಸಿದರು. ಬಾಗಿಲ ಕೆಳಗಿನಿಂದ ಊಟ ತಳ್ಳುತ್ತಿದ್ದ ನರ್ಸಿಗೆ ಅವಳು ಒಳಗಿನಿಂದಲೇ ಗೇರು ಬದಲಿಸುವ ಪಾಠ ಹೇಳಿದಳಂತೆ. ಮನೆಗೆ ಬಂದಾಗ ಗಾಯದ ಗುರುತು ಮುಚ್ಚಲೆಂದು ಅಕ್ಕ ಒಂದು ರೇಷ್ಮೆ ಸ್ಕಾರ್ಫ್ ಕಳಿಸಿದ್ದಳು. ಬ್ರೇಕಮ್ಮ ಅದರಿಂದ ಕಾರಿನ ಗಾಜು ಒರೆಸಿದಳು. “ಒಳ್ಳೆ ಬಟ್ಟೆ,” ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಳು, “ಗಾಜಿನ ಮೇಲೆ ಒಂದು ಗೀರೂ ಬೀಳಲ್ಲ.”

ಅವಳನ್ನು ನೋಡುತ್ತಿದ್ದ ಡಾಕ್ಟರು ಗಿಡ್ಡಗಿನ ಹೆಂಗಸು. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮಾತು ಮಾತ್ರ ನೆಲ ಬಿಡುತ್ತಿರಲಿಲ್ಲ. ಅವರೇ ಬಿಡಿಸಿ ಹೇಳಿದ್ದರು: ಥೈರೊಗ್ಲಾಬ್ಯುಲಿನ್ ಎಂಬುದೊಂದು ಪ್ರೋಟೀನು. ಅದನ್ನು ಥೈರಾಯ್ಡಿನ ಜೀವಕೋಶ ಬಿಟ್ಟರೆ ಮೈಯಲ್ಲಿ ಇನ್ನಾವುದೂ ತಯಾರಿಸುವುದಿಲ್ಲ. ನಿಮ್ಮ ಗ್ರಂಥಿಯನ್ನೇ ತೆಗೆದಾಗಿದೆ. ಆದ್ದರಿಂದ ರಕ್ತದಲ್ಲಿ ಅದು ಇರಬಾರದು. ಕಾಣಿಸಿಕೊಂಡರೆ, ಎಲ್ಲೋ ಆ ಜಾತಿಯ ಜೀವಕೋಶ ಉಳಿದುಕೊಂಡಿದೆ ಎಂದು ತಿಳಿಯಿರಿ.

ಕೆಲವು ವರ್ಷ ಅದು ಕಾಣಿಸಿಕೊಳ್ಳಲಿಲ್ಲ. ಬ್ರೇಕಮ್ಮ ಬೆಳಗಾಗೆದ್ದು ಬರಿ ಹೊಟ್ಟೆಗೆ, ಇಲ್ಲದ ಗ್ರಂಥಿಯ ಕೆಲಸ ಮಾಡುವ ಒಂದು ಮಾತ್ರೆ ನುಂಗಿ, ಹೇಳಿದ ಹೊತ್ತಿಗೆ ರಕ್ತ ಕೊಟ್ಟು ಬಂದು, ಉಳಿದಂತೆ ಊರನ್ನೆಲ್ಲ ಬೈಯುತ್ತ ಸುಖವಾಗಿದ್ದಳು. ಆಮೇಲೆ ಒಂದು ಸಲ ಕಾಣಿಸಿಕೊಂಡಿತು. ತೀರ ಸ್ವಲ್ಪ. ಮುಂದಿನ ಸಲ ಇನ್ನಷ್ಟು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಪ್ರಯೋಗಾಲಯದ ತಪ್ಪಿರಬಹುದೇ ಎಂದು ಇನ್ನೊಂದು ಕಡೆ ರಕ್ತ ಕಳಿಸಿದರು. ಪರೀಕ್ಷೆಯ ದಾರಿ ತಪ್ಪಿಸುವ ಪ್ರತಿಕಾಯಗಳೇನಾದರೂ ರಕ್ತದಲ್ಲಿವೆಯೇ ಎಂದೂ ನೋಡಿಸಿದರು. ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಕುತ್ತಿಗೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು, ಏನೂ ಇಲ್ಲ. ಇನ್ನು ಉಳಿದದ್ದು ಇಡೀ ಮೈಯ ಅಯೋಡಿನ್ ಸ್ಕ್ಯಾನ್. ಅದಕ್ಕೆ ಕೆಲವು ವಾರ ದಿನದ ಮಾತ್ರೆ ನಿಲ್ಲಿಸಬೇಕು. ಮಾತ್ರೆ ನಿಲ್ಲಿಸದೆಯೇ ಸ್ಕ್ಯಾನ್ ಮಾಡಲು ಒಂದು ಚುಚ್ಚುಮದ್ದು ಇದೆ, ಆದರೆ ಸದ್ಯ ಎಲ್ಲೂ ಸಿಗುತ್ತಿಲ್ಲ ಎಂದರು.

“ಮಾತ್ರೆ ನಿಲ್ಲಿಸಿದ್ರೆ ಮೈ ನಿಧಾನ ಆಗತ್ತೆ. ಗಾಡಿ ಓಡಿಸ್ಬೇಡಿ. ಪಾಠಾನೂ ಬೇಡ,” ಎಂದರು.

“ನೋಡೋಣ,” ಎಂದಳು ಬ್ರೇಕಮ್ಮ. ಅವಳ ಬಾಯಲ್ಲಿ ‘ನೋಡೋಣ’ ಎಂದರೆ ‘ಆಗಲ್ಲ’ ಎಂದರ್ಥ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಚಳಿ ಹತ್ತಿತು. ಮುಖ ಊದಿತು. ಮಾತು ಬಾಯಿಗೆ ಬರುವಷ್ಟರಲ್ಲಿ ಬೈಯಬೇಕಾದ ಸಂದರ್ಭವೇ ದಾಟಿ ಹೋಗುತ್ತಿತ್ತು. ಆದರೂ ಅವಳು ಶಾಲೆ ಮುಚ್ಚಿರಲಿಲ್ಲ. ಒಂದು ಮಧ್ಯಾಹ್ನ ಅವಳ ಹತ್ತಿರ ಕಲಿಯುತ್ತಿದ್ದ ಔಷಧಿ ಅಂಗಡಿಯ ಯಜಮಾನ ಕಾರು ಓಡಿಸುತ್ತಿದ್ದ. ಸಂದಿಯಿಂದ ಸೈಕಲ್ಲಿನವನೊಬ್ಬ ಚಿಮ್ಮಿ ಬಂದ. ಕಾರು ಗಕ್ಕನೆ ನಿಂತಿತು. ನಿಲ್ಲಿಸಿದವನು ಔಷಧಿ ಅಂಗಡಿಯವನು. ಬ್ರೇಕಮ್ಮನ ಪಾದ ಆಮೇಲೆ ಬಂದು, ಆಗಲೇ ತಳ ಮುಟ್ಟಿದ್ದ ಪೆಡಲಿನ ಮೇಲೆ ಸುಮ್ಮನೆ ಕೂತಿತು. ಅವಳು ಆ ಪಾದವನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಎಂಬಂತೆ.

“ಇವತ್ತು ನೀನು ಪಾಸು,” ಎಂದಳು. “ನಾನು ಫೇಲು. ಗಾಡಿ ವಾಪಸ್ ತಗೋ.”

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಶಾಲೆಯ ಬಾಗಿಲಿಗೆ ತಾನೇ ಬೀಗ ಹಾಕಿದಳು. ಕ್ಯಾನ್ಸರ್ ಎಂಬ ಮಾತು ಕೇಳಿದ ದಿನವೂ ಕಣ್ಣೀರು ಹಾಕದವಳು ಅವತ್ತು ಗಂಡನ ಅಂಗಡಿಯಲ್ಲಿ, ಕತ್ತರಿಸಿಟ್ಟ ಪ್ಯಾಂಟಿನ ಬಟ್ಟೆಯ ಮೇಲೆ ಕೂತು ಅತ್ತಳು. ಅವನು ಹೊಲಿಗೆ ಯಂತ್ರವನ್ನು ನಿಲ್ಲಿಸಲಿಲ್ಲ. ದಾರಿಹೋಕರಿಗೆ ಅಳು ಕೇಳಿಸದಿರಲೆಂದು ಸುಮ್ಮಸುಮ್ಮನೆ ಒಂದು ಚಿಂದಿಯ ಮೇಲೆ ಹೊಲಿಗೆ ಓಡಿಸುತ್ತಲೇ ಇದ್ದ.

ಸುದ್ದಿ ಕೇಳಿ ಅಕ್ಕ ಪೆಟ್ಟಿಗೆ ಹಿಡಿದು ಬಂದಿಳಿದಳು. ಗಂಡ ತೀರಿಕೊಂಡವಳು, ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದವಳು, ಆರೈಕೆ ಮಾಡಲು ಯಾರಾದರೂ ಸಿಕ್ಕಾರೇ ಎಂದು ಕಾಯುತ್ತಿದ್ದವಳು. ಬಂದವಳೇ ಅಡುಗೆಮನೆ ವಶಪಡಿಸಿಕೊಂಡಳು. ಸ್ಕ್ಯಾನಿಗೆ ಮುಂಚೆ ಅಯೋಡಿನ್ ಇರುವ ಉಪ್ಪು, ಹಾಲು, ಮೊಟ್ಟೆ ಕೂಡದು ಎಂದು ಹೇಳಿದ್ದೇ ಸಾಕಾಯಿತು. ರುಚಿಯಿರುವ ಪದಾರ್ಥವೇ ಕೂಡದು ಎಂದು ಅವಳು ಅರ್ಥ ಮಾಡಿಕೊಂಡಳು.

ಸ್ಕ್ಯಾನ್ ಆಯಿತು. ತಲೆಯಿಂದ ಕಾಲಿನವರೆಗೆ ಎಲ್ಲೂ ಏನೂ ಇಲ್ಲ. ಆದರೆ ಅದೇ ದಿನ ತೆಗೆದ ರಕ್ತದಲ್ಲಿ ಆ ಪ್ರೋಟೀನು ಹಿಂದೆಂದಿಗಿಂತ ಜಾಸ್ತಿ.

“ಏನಮ್ಮಾ ಇದು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ!” ಎಂದಳು ಅಕ್ಕ. “ರಕ್ತ ಇದೆ ಅನ್ನತ್ತೆ, ಚಿತ್ರ ಇಲ್ಲ ಅನ್ನತ್ತೆ. ಯಾವುದು ಸುಳ್ಳು?”

“ಎರಡೂ ನಿಜಾನೇ,” ಎಂದರು ಡಾಕ್ಟರಮ್ಮ. “ಸಾಸಿವೆಗಿಂತ ಸಣ್ಣದು ಇದ್ರೆ ಅಲ್ಟ್ರಾಸೌಂಡಿಗೆ ಕಾಣಲ್ಲ. ಇನ್ನು ಅಯೋಡಿನ್ ಸ್ಕ್ಯಾನಲ್ಲಿ ಕಾಣ್ಬೇಕಾದ್ರೆ ಆ ಜೀವಕೋಶ ಅಯೋಡಿನ್ ಹೀರ್ಕೋಬೇಕು. ಕೆಲವು ಹೀರೋದನ್ನ ಮರೆತುಬಿಡ್ತವೆ. ಪ್ರೋಟೀನ್ ಮಾಡೋದನ್ನ ಮಾತ್ರ ಮರೆಯಲ್ಲ. ಎಲ್ಲೋ ಇದೆ. ಎಲ್ಲಿ ಅಂತ ಈಗ ನನಗೆ ಗೊತ್ತಿಲ್ಲ.”

ಗೊತ್ತಿಲ್ಲ ಎಂದು ಅವರು ತಲೆ ತಗ್ಗಿಸದೆ ಹೇಳಿದ್ದು ಬ್ರೇಕಮ್ಮನಿಗೆ ಹಿಡಿಸಿತು. ಅಕ್ಕನಿಗೆ ಹಿಡಿಸಲಿಲ್ಲ. ಅವಳ ಒತ್ತಾಯಕ್ಕೆ ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಎಲ್ಲ ರಿಪೋರ್ಟನ್ನೂ ಸಾವಧಾನವಾಗಿ ಓದಿ, ಒಂದು ದಾರಿ ಇದೆ ಎಂದರು: ಜಾಗ ಗೊತ್ತಿಲ್ಲದಿದ್ದರೂ ವಿಕಿರಣದ ಅಯೋಡಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ಇನ್ನೊಂದು ಸಲ ಕೊಟ್ಟು ನೋಡುವುದು.

“ಅದು ಅಯೋಡಿನ್ನೇ ಕುಡಿಯಲ್ಲ ಅಂತ ಸ್ಕ್ಯಾನು ಹೇಳ್ತಲ್ಲ ಸಾರ್? ಕುಡಿಯದೋರಿಗೆ ಇನ್ನೊಂದು ಲೋಟ ಬಗ್ಗಿಸೋದಾ?” ಎಂದಳು ಬ್ರೇಕಮ್ಮ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ನಿಜ. ದೊಡ್ಡ ಡೋಸಲ್ಲಿ ಕೆಲವರಲ್ಲಿ ಅದು ಹೀರ್ಕೊಳ್ಳತ್ತೆ, ಹೆಚ್ಚಿನವರಲ್ಲಿ ಇಲ್ಲ. ಬಾಯಿ ಒಣಗೋದು, ಜೊಲ್ಲಿನ ಗ್ರಂಥಿ ಕೆಡೋದು, ಈ ತೊಂದರೆಗಳೂ ಇವೆ. ತೀರ್ಮಾನ ನಿಮ್ಮದು.”

ಆ ಸಂಜೆ ಮನೆಯಲ್ಲಿ ದೊಡ್ಡ ಜಗಳ. ಏನಾದರೊಂದು ಮಾಡು, ಕೈಕಟ್ಟಿ ಕೂರಬೇಡ ಎಂದು ಅಕ್ಕ. ಕತ್ತಲಲ್ಲಿ ಕಲ್ಲು ಹೊಡೆಸಿಕೊಳ್ಳಲು ತಾನು ಮಾವಿನ ಮರವಲ್ಲ ಎಂದು ತಂಗಿ.

“ನಿನಗೆ ಜೀವದ ಮೇಲೆ ಆಸೆ ಇಲ್ಲ!”

“ಆಸೆ ಇರೋದಕ್ಕೇ ಕೇಳ್ತಿದ್ದೀನಿ! ಕಂಡ್ರೆ ಕೊಯ್ಯಿರಿ, ಸುಡಿ, ಏನ್ ಬೇಕಾದ್ರೂ ಮಾಡಿ, ಕುತ್ತಿಗೆ ಚಾಚ್ತೀನಿ. ರಕ್ತ ಕೊಡು ಅಂದಾಗ ಕೊಡ್ತೀನಿ, ಸ್ಕ್ಯಾನ್ ಅಂದಾಗ ಮಲಗ್ತೀನಿ, ಒಂದೂ ತಪ್ಪಿಸಲ್ಲ. ಆದ್ರೆ ನಿನ್ನ ಹೆದರಿಕೆ ಇಳಿಸೋಕೆ ನಾನು ಔಷಧಿ ಕುಡಿಯಲ್ಲ ಅಕ್ಕಾ. ನಿನ್ನ ಹೆದರಿಕೆಗೆ ನೀನೇ ಕುಡಿ.”

ಅಕ್ಕ ತಿರುಗಿ ತಂಗಿಯ ಗಂಡನ ಮುಖ ನೋಡಿದಳು. ಅವನು ನಿಧಾನವಾಗಿ, “ಎಲ್ಲಿ ಹರಿದಿದೆ ಅಂತ ಗೊತ್ತಾಗದೆ ತೇಪೆ ಹಾಕಕ್ಕಾಗಲ್ಲ,” ಎಂದ. ಆ ವಾರ ಅವನಾಡಿದ ಅತಿ ಉದ್ದದ ವಾಕ್ಯ ಅದು.

ಗಿಡ್ಡ ಡಾಕ್ಟರಮ್ಮ ಅವಳ ನಿರ್ಧಾರವನ್ನು ಒಪ್ಪಿದರು, ಒಂದು ಷರತ್ತಿನ ಮೇಲೆ. “ಕಾಯೋದು ಅಂದ್ರೆ ಮರೆಯೋದಲ್ಲ. ಆ ಸಂಖ್ಯೆ ಎಷ್ಟು ಬೇಗ ಏರತ್ತೆ ಅನ್ನೋದು ಮುಖ್ಯ. ಬೇಗ ಏರಿದ್ರೆ ನಾನು ಬೇರೆ ಮಾತಾಡ್ತೀನಿ, ಆಗ ನೀವು ಹಟ ಮಾಡ್ಬಾರ್ದು.”

“ಬೇಗ ಏರಿದ್ರೆ ನಾನೇ ನಿಮ್ಮ ಬಾಗಿಲು ಒದೀತೀನಿ.”

ಮಾತ್ರೆ ಮತ್ತೆ ಶುರುವಾಯಿತು. ಊತ ಇಳಿಯಿತು, ಚಳಿ ಬಿಟ್ಟಿತು, ಬೈಗುಳ ಹೊತ್ತಿಗೆ ಸರಿಯಾಗಿ ಬರತೊಡಗಿತು. ಡಾಕ್ಟರಮ್ಮ ಸರಿ ಎಂದ ಮೇಲೂ ಅವಳು ಖಾಲಿ ಮೈದಾನದಲ್ಲಿ ಔಷಧಿ ಅಂಗಡಿಯವನಿಂದ ಕಾರು ಓಡಿಸಿ, ತನ್ನ ಕಾಲನ್ನು ತಾನೇ ಪರೀಕ್ಷಿಸಿಕೊಂಡು, ಆಮೇಲೆ ಶಾಲೆಯ ಬೀಗ ತೆಗೆದಳು.

ಆದರೆ ಅಕ್ಕ ಊರಿಗೆ ಹೊರಡಲಿಲ್ಲ. ಎಲ್ಲೋ ಒಂದು ಕಾಣದ ಗಂಟು ಕೂತಿದೆ ಎಂದು ಗೊತ್ತಾದ ಮೇಲೆ ಅವಳ ಪಾಲಿಗೆ ತಂಗಿ ಗಾಜಿನ ಬಳೆಯಾಗಿದ್ದಳು. ಎದ್ದರೆ ಹಿಡಿದುಕೊಳ್ಳುವಳು, ಕೆಮ್ಮಿದರೆ ಕಣ್ಣರಳಿಸುವಳು, ಫೋನಿನಲ್ಲಿ ನೆಂಟರಿಗೆಲ್ಲ ಪಿಸುಗುಡುವಳು. ಬ್ರೇಕಮ್ಮ ಎಲ್ಲವನ್ನೂ ಹಲ್ಲುಕಚ್ಚಿ ಸಹಿಸಿದಳು. ಒಂದು ಬೆಳಗ್ಗೆ ಕಾರಿನ ಕೀಲಿ ಮಾತ್ರ ಕಾಣಲಿಲ್ಲ. ಎಲ್ಲ ಕಡೆ ಹುಡುಕಿದ ಮೇಲೆ ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು.

ಮನೆ ಹಾರಿಹೋಗುವಂತೆ ಕೂಗಾಡುತ್ತಾಳೆಂದು ಅಕ್ಕ ಸೆರಗು ಬಿಗಿದು ನಿಂತಿದ್ದಳು. ಬ್ರೇಕಮ್ಮ ಕೂಗಲಿಲ್ಲ. ಕೀಲಿಗಂಟಿದ ಅಕ್ಕಿಕಾಳು ಊದಿ ಬೀಳಿಸಿ, “ನಡಿ,” ಎಂದಳು.

“ಎಲ್ಲಿಗೆ?”

“ನನ್ನ ಕೈಲಿ ಸ್ಟೇರಿಂಗ್ ಬೇಡ ಅಂತ ತಾನೇ ನಿನ್ನ ಆಸೆ? ನೀನು ಹಿಡಿ. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮನೇಲಿ ಇನ್ನೊಬ್ರು ಡ್ರೈವರ್ ಬೇಕು. ಈ ಮನುಷ್ಯನಿಗೆ ಹೊಲಿಗೆ ಮಿಷನ್ನಿನ ಪೆಡಲ್ ಬಿಟ್ರೆ ಬೇರೆ ಗೊತ್ತಿಲ್ಲ.”

“ಈ ವಯಸ್ಸಲ್ಲಾ? ಸೈಕಲ್ಲೇ ಮುಟ್ಟಿಲ್ಲ ಕಣೇ ನಾನು!”

“ಒಳ್ಳೇದಾಯ್ತು. ಕೆಟ್ಟ ಅಭ್ಯಾಸ ಯಾವುದೂ ಇರಲ್ಲ.”

ಅಕ್ಕ ಚಾಲಕಿಯ ಸೀಟಿನಲ್ಲಿ ಕೂತದ್ದು ಆ ಬೀದಿಗೆ ಬಹಳ ದಿನದ ಮನರಂಜನೆಯಾಯಿತು. ಟೈರ್ ಅಂಗಡಿಯವರು ಕೆಲಸ ಬಿಟ್ಟು ಸಾಲಾಗಿ ನಿಂತರು. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು, ಸತ್ತಿತು, ಮತ್ತೆ ಕುಪ್ಪಳಿಸಿತು. ಎದುರು ಕೋಳಿ ಬಂದರೂ ಅಕ್ಕ ನಿಲ್ಲಿಸಿ, ಅದು ದಾಟಿ, ಕಣ್ಮರೆಯಾಗುವವರೆಗೆ ಕಾಯುತ್ತಿದ್ದಳು.

“ಅದು ಹೋಗಿ ಮೊಟ್ಟೆ ಇಟ್ಟು ಮರಿ ಮಾಡ್ಕೊಂಡು ಬರ್ಲಿ ಅಂತಾನಾ? ಹೊರಡು!”

“ನೀನು ಕಿರುಚಬೇಡ, ಗಂಟಲಿಗೆ ಒಳ್ಳೇದಲ್ಲ!”

“ನನ್ನ ಗಂಟಲು ಬಿಡು, ಕ್ಲಚ್ ಬಿಡು. ನಿಧಾನಕ್ಕೆ! ಕ್ಲಚ್ ಅಂದೆ, ಸ್ಟೇರಿಂಗಲ್ಲ!”

ಮನೆಯೊಳಗೆ ತಂಗಿಯನ್ನು ಮುಟ್ಟಲೂ ಹೆದರುತ್ತಿದ್ದ ಅಕ್ಕ ಕಾರಿನಲ್ಲಿ ಅವಳ ಮೇಲೆ ತಿರುಗಿ ರೇಗತೊಡಗಿದಳು. ರೇಗುತ್ತ ರೇಗುತ್ತ ಪಿಸುಗುಡುವುದನ್ನು ಮರೆತಳು. ಬ್ರೇಕಮ್ಮನಿಗೆ ಬೇಕಿದ್ದುದೂ ಅದೇ. ಲೈಸೆನ್ಸ್ ಪರೀಕ್ಷೆಯಲ್ಲಿ ಅಕ್ಕ ಮೊದಲ ಸಲ ಫೇಲಾದಳು. ಮಲಗಿದ್ದ ನಾಯಿಯೊಂದು ತಾನಾಗಿ ಏಳುವವರೆಗೆ ಕಾರು ನಿಲ್ಲಿಸಿಕೊಂಡು ಕೂತಿದ್ದಳು. ಎರಡನೆಯ ಸಲ ನಾಯಿಗೆ ಹಾರ್ನ್ ಹೊಡೆದು ಪಾಸಾದಳು.

ಈ ಮಧ್ಯೆ ರಕ್ತದ ಸಂಖ್ಯೆ ಏರುತ್ತಲೇ ಇತ್ತು. ಹುಚ್ಚೆದ್ದು ಓಡಲಿಲ್ಲ, ಆಮೆಯ ಹಾಗೆ, ಆದರೆ ನಿಲ್ಲದೆ. ಅಲ್ಟ್ರಾಸೌಂಡ್ ಪ್ರತಿ ಸಲ ಏನಿಲ್ಲ ಎನ್ನುತ್ತಿತ್ತು. ರಿಪೋರ್ಟ್ ಬರುವ ಹಿಂದಿನ ದಿನಗಳಲ್ಲಿ ಬ್ರೇಕಮ್ಮನೂ ಅನ್ನವನ್ನು ತಟ್ಟೆಯಲ್ಲಿ ಸುಮ್ಮನೆ ಕಲಸುತ್ತ ಕೂತಿರುತ್ತಿದ್ದಳು. ಹೆದರಿಕೆ ಇರಲಿಲ್ಲ ಎಂದಲ್ಲ. ಹೆದರಿಕೆಗೆ ಮನೆಯಲ್ಲಿ ಮಣೆ ಹಾಕಿ ಕೂರಿಸಲು ಮಾತ್ರ ಅವಳು ಸಿದ್ಧಳಿರಲಿಲ್ಲ.

ಸಂಖ್ಯೆ ಒಂದು ಮಟ್ಟ ದಾಟಿದಾಗ ಡಾಕ್ಟರಮ್ಮ ಫೋನ್ ಮಾಡಿ ಕರೆಸಿದರು. “ಈಗ ಪೆಟ್ ಸ್ಕ್ಯಾನ್ ಮಾಡಿಸೋಣ. ಅಯೋಡಿನ್ ಮರೆತ ಜೀವಕೋಶಕ್ಕೆ ಸಕ್ಕರೆ ಮೇಲೆ ಆಸೆ ಜಾಸ್ತಿ. ಸಕ್ಕರೆ ಕೊಟ್ಟು ಎಲ್ಲಿ ಹೊಳೆಯತ್ತೆ ನೋಡೋಣ. ಮುಂಚೆನೇ ಮಾಡಿದ್ರೆ ಕಾಣ್ತಾನೇ ಇರ್ಲಿಲ್ವೇನೋ.”

ಅಕ್ಕನೇ ಕಾರು ಓಡಿಸಿಕೊಂಡು ಕರೆದೊಯ್ದಳು. ದಾರಿಯುದ್ದಕ್ಕೂ ಬ್ರೇಕಮ್ಮ ಒಂದು ಸಲವೂ ತನ್ನ ಕಡೆಯ ಬ್ರೇಕ್ ಮುಟ್ಟಲಿಲ್ಲ. ಎರಡು ಸಲ ಮುಟ್ಟಬೇಕಿತ್ತು ಎಂದು ಆಮೇಲೆ ಗಂಡನಿಗೆ ಹೇಳಿದಳು.

ಚಿತ್ರದಲ್ಲಿ ಒಂದು ಚುಕ್ಕಿ ಹೊಳೆದಿತ್ತು. ಕುತ್ತಿಗೆಯ ಬುಡದಲ್ಲಿ, ಉಸಿರ್ನಾಳದ ಪಕ್ಕ, ಆಳದಲ್ಲಿ. ಜಾಗ ಗೊತ್ತಾದ ಮೇಲೆ ಅಲ್ಟ್ರಾಸೌಂಡಿನವರು ಅಲ್ಲೇ ಒತ್ತಿ, ಓರೆ ಮಾಡಿ, ಉಸಿರು ಹಿಡಿಸಿ ಹುಡುಕಿದರು. ಕಡಲೆಕಾಳಿನಷ್ಟು ಒಂದು ಗಂಟು ಸಿಕ್ಕಿತು. ಸೂಜಿ ಹಾಕಿ ತೆಗೆದ ರಸ ನಂಟನ್ನು ಒಪ್ಪಿಕೊಂಡಿತು: ಹಳೆಯ ಕ್ಯಾನ್ಸರ್ರೇ.

“ಸಿಕ್ಕಿಬಿದ್ನಾ ಕಳ್ಳ!” ಎಂದು ಬ್ರೇಕಮ್ಮ ತೊಡೆ ತಟ್ಟಿದಳು. ಕ್ಯಾನ್ಸರ್ ಮರಳಿದೆ ಎಂದು ಕೇಳಿ ಹೀಗೆ ಹಿಗ್ಗಿದವರನ್ನು ಆ ಕೋಣೆ ಕಂಡಿರಲಿಕ್ಕಿಲ್ಲ. ಅಕ್ಕ ಅಳಲು ಬಾಯಿ ತೆರೆದವಳು ತಂಗಿಯ ಮುಖ ನೋಡಿ ಮುಚ್ಚಿಕೊಂಡಳು.

ಹಿಗ್ಗು ಇಳಿದದ್ದು ಶಸ್ತ್ರವೈದ್ಯರ ಕೋಣೆಯಲ್ಲಿ. ದನಿಯ ನರ ಆ ಗಂಟಿನ ಮಗ್ಗುಲಲ್ಲೇ ಹಾದುಹೋಗಿದೆ, ಹಳೆಯ ಗಾಯದ ಅಂಟಿನಲ್ಲಿ ಸಿಕ್ಕಿಕೊಂಡಿದೆ ಎಂದು ಅವರು ಹೇಳಿದರು. ಬಹಳ ಎಚ್ಚರದಿಂದ ಮಾಡುತ್ತೇವೆ, ಆದರೆ ಮಾತು ಕೊಡಲಾಗುವುದಿಲ್ಲ. ದನಿ ಬೀಳಬಹುದು.

ಹೊರಗೆ ಬಂದು ಬ್ರೇಕಮ್ಮ, ಜೊತೆಗೆ ಬಂದಿದ್ದ ದರ್ಜಿ ಇಬ್ಬರೂ ಬೆಂಚಿನ ಮೇಲೆ ಕೂತರು. ಆಮೇಲೆ ಗಂಡನಿಗೆ, “ನನ್ನ ದನಿ ಹೋದ್ರೆ ನಿನಗೆ ನೆಮ್ಮದಿ,” ಎಂದಳು. ತಮಾಷೆಗೆ ಹೇಳಹೊರಟಿದ್ದಳು, ಕೊನೆಗೆ ದನಿ ಒಡೆಯಿತು.

ದರ್ಜಿ ತನ್ನ ಕೈಗಳನ್ನೇ ನೋಡಿಕೊಂಡ. “ಮಧ್ಯಾಹ್ನ ಅಂಗಡೀಲಿ ಕೂತಿದ್ರೆ ನೀನು ರಸ್ತೇಲಿ ಯಾರಿಗೋ ಬೈಯೋದು ಕೇಳ್ಸತ್ತೆ,” ಎಂದ. “ಆಗ ನಾನು ಸೂಜಿಗೆ ದಾರ ಪೋಣಿಸ್ತೀನಿ. ಅಲ್ಲೀವರೆಗೂ ಕೈ ಓಡಲ್ಲ.” ಅವಳ ಕಡೆ ತಿರುಗಿ, “ದನಿ ಇಲ್ದೇ ಇದ್ರೂ ನೀನು ಬೈತೀಯ. ನನಗೆ ಗೊತ್ತಿದೆ,” ಎಂದ.

ಅವಳು ಎದ್ದು ಒಳಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಗಂಟು ಹೊರಬಂತು. ನರ ಉಳಿಯಿತು, ಆದರೆ ಮುನಿಸಿಕೊಂಡಿತು. ವಾರಗಟ್ಟಲೆ ಅವಳ ಗಂಟಲಿನಿಂದ ಹರಿದ ಕಾಗದದ ಸದ್ದು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಅವಳು ಮಡಿಲಲ್ಲಿ ಸ್ಟೀಲಿನ ತಟ್ಟೆ, ಕೈಯಲ್ಲಿ ಸೌಟು ಇಟ್ಟುಕೊಂಡು ಪಾಠಕ್ಕೆ ಹೋದಳು. ತಟ್ಟೆಯ ಮೇಲೆ ಒಂದು ಏಟು ಎಂದರೆ ನಿಧಾನ, ಎರಡು ಎಂದರೆ ನಿಲ್ಲು, ಸತತವಾಗಿ ಬಡಿದರೆ ನಿನ್ನ ಬುದ್ಧಿ ಎಲ್ಲಿದೆ ಎಂದರ್ಥ. ಬೈಗುಳವೇ ವಾಸಿಯಿತ್ತು ಎಂದು ಶಿಷ್ಯರು ಗೊಣಗಿದರು. ನಿಧಾನವಾಗಿ ದನಿ ಮರಳಿತು. ಮೊದಲಿನ ಕಂಚಿನ ಕಂಠವಲ್ಲ, ಮರಳು ಬೆರೆತದ್ದು. ಆದರೆ ರಸ್ತೆಯ ಆಚೆಗೆ ಕೇಳಿಸುವಷ್ಟು.

ರಕ್ತದ ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಸಂಖ್ಯೆ ಚೆನ್ನಾಗಿ ಇಳಿದಿತ್ತು. ಸೊನ್ನೆ ಆಗಿರಲಿಲ್ಲ.

“ಅಂದ್ರೆ ಇನ್ನೂ ಎಲ್ಲೋ ಇದೆ,” ಎಂದಳು ಅಕ್ಕ.

“ಇರಬಹುದು. ಇಷ್ಟರಲ್ಲೇ ವರ್ಷಗಟ್ಟಲೆ ನಿಂತಿರೋದನ್ನೂ ನೋಡಿದ್ದೀನಿ. ಏರಿದ್ರೆ ಮತ್ತೆ ಹುಡುಕ್ತೀವಿ.”

ಬ್ರೇಕಮ್ಮ ಕಾಗದವನ್ನು ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದಳು. “ಇರ್ಲಿ. ಅದು ಅದರ ಪಾಡಿಗೆ ಇರ್ಲಿ, ನಾನು ನನ್ನ ಪಾಡಿಗೆ ಇರ್ತೀನಿ. ತಲೆ ಎತ್ತಿದ್ರೆ ನೋಡ್ಕೋತೀನಿ.”

ಹೊರಬರುತ್ತಿದ್ದಂತೆ ದೂರದ ನೆಂಟಳೊಬ್ಬಳ ಫೋನ್. ಅಕ್ಕ ಒಂದು ಕಾಲದಲ್ಲಿ ಪಿಸುಗುಟ್ಟಿದ್ದು ಈಗ ಅವಳ ಕಿವಿಗೆ ತಲುಪಿತ್ತು. “ಪೂರ್ತಿ ವಾಸಿ ಆಯ್ತಾಮ್ಮಾ?” ಎಂದು ಅಲ್ಲಿಂದ ಕರುಣೆ ಸುರಿಯಿತು.

“ಪೂರ್ತಿ ವಾಸಿ ಆದೋರು ನಿಮ್ಮನೇಲಿ ಯಾರಿದ್ದಾರೆ?” ಎಂದು ಬ್ರೇಕಮ್ಮ ತನ್ನ ಮರಳು ದನಿಯಲ್ಲಿ ಕೇಳಿದಳು. “ಇದ್ರೆ ಕಳಿಸಿ. ನೋಡ್ಬೇಕು.”

ಮಧ್ಯಾಹ್ನ ಹೊಸ ಶಿಷ್ಯೆಯೊಬ್ಬಳು ಬರುವುದಿತ್ತು, ಹೆದ್ದಾರಿಯ ಹೆಸರೆತ್ತಿದರೆ ಬೆವರುವವಳು. ಅವಳನ್ನು ಇವತ್ತೇ ಹೆದ್ದಾರಿಗೆ ಕರೆದೊಯ್ಯುವುದೆಂದು ಬ್ರೇಕಮ್ಮ ತೀರ್ಮಾನಿಸಿಯಾಗಿತ್ತು. ಕಾರಿನ ಹತ್ತಿರ ಬಂದು ಅವಳು ಅಕ್ಕನ ಮುಂದೆ ಕೈ ಚಾಚಿದಳು. ಅಕ್ಕ ಕೀಲಿ ಕೊಟ್ಟಳು.